ಮೊದಲು ಹಿಂದಿನ ಜೇಬು ತೋರಿಸಿ

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಕಾಫಿ ತೋಟದವರೊಬ್ಬರು ನನ್ನ ಹತ್ತಿರ ಬಂದಿದ್ದರು. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಹಳೇ ಪಂಚೆ, ಪಂಚೆಯೊಳಗೆ ಎರಡು ದಪ್ಪ ನೀಲಿ ಪುಸ್ತಕ. "ಶ್ಯಾಕಲ್ಟನ್ ಸರ್, ಫಸ್ಟ್ ಎಡಿಷನ್. ನಮ್ಮ ತಾತ ತೋಟ ತಗೊಂಡಾಗ ಬಂಗಲೆ ಜೊತೆಗೇ ಬಂದಿದ್ದಂತೆ" ಎಂದರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ದಕ್ಷಿಣ ಧ್ರುವದ ಕಡೆ ಯಾನ ಹೊರಟ ಬ್ರಿಟಿಷ್ ಸಾಹಸಿ ಅರ್ನೆಸ್ಟ್ ಶ್ಯಾಕಲ್ಟನ್ ಬರೆದ 'ದಿ ಹಾರ್ಟ್ ಆಫ್ ದಿ ಅಂಟಾರ್ಕ್ಟಿಕ್', ಲಂಡನ್ನಿನ ಹೈನ್‌ಮನ್ ಪ್ರಕಾಶನ, 1909. ರಟ್ಟಿನ ಮೇಲಿನ ಬೆಳ್ಳಿ ಬಣ್ಣದ ಅಚ್ಚು ಕಪ್ಪಾಗಿತ್ತು, ಅದು ಸಹಜ. ನಾನು ಎರಡನೇ ಸಂಪುಟವನ್ನು ಬೋರಲು ಹಾಕಿ ಹಿಂದಿನ ರಟ್ಟು ತೆರೆದೆ. "ಉರ್ದು ಪುಸ್ತಕದ ಥರ ಹಿಂದಿನಿಂದ ತೆಗೀತೀರಲ್ಲ ಸರ್" ಎಂದು ಅವರು ನಕ್ಕರು.

ಆ ರಟ್ಟಿನ ಒಳಮೈಗೆ ಒಂದು ಜೇಬು ಇರುತ್ತದೆ. ಜೇಬಿನಲ್ಲಿ ಮಡಚಿದ ಮೂರು ನಕ್ಷೆ, ಜೊತೆಗೆ ಉದ್ದಕ್ಕೆ ಬಿಚ್ಚಿಕೊಳ್ಳುವ ಒಂದು ಪನೋರಮಾ ಚಿತ್ರ ಇರಬೇಕು. ಅಲ್ಲಿ ಇದ್ದದ್ದು ಪೆನ್ಸಿಲ್ಲಿನಲ್ಲಿ ಬರೆದ ಒಂದು ಡೋಬಿ ಲೆಕ್ಕದ ಚೀಟಿ.

ಹಳೇ ಪುಸ್ತಕ ರಿಪೇರಿ ಮಾಡುವುದು, ಬೆಲೆ ಕಟ್ಟುವುದು, ಇದೇ ನನ್ನ ಹೊಟ್ಟೆಪಾಡು. ಸಮುದ್ರಯಾನದ, ಧ್ರುವಯಾನದ ಪುಸ್ತಕ ಕೂಡಿಡಬೇಕು ಅಂತ ಆಸೆಪಟ್ಟು ಬರುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಕಾದಂಬರಿಯ ಮೊದಲ ಮುದ್ರಣ ನೋಡುವ ಕಣ್ಣಲ್ಲಿ ಇವನ್ನು ನೋಡಬೇಡಿ. ಕಾದಂಬರಿಯಲ್ಲಿ ಪುಟ ಎಲ್ಲ ಇದ್ದರೆ ಪುಸ್ತಕ ಇದ್ದ ಹಾಗೆ. ಯಾನದ ಪುಸ್ತಕದಲ್ಲಿ ಮಾತು ಅರ್ಧ, ನಕ್ಷೆ ಅರ್ಧ. ಶ್ಯಾಕಲ್ಟನ್ ಮತ್ತು ಮೂವರು ಜೊತೆಗಾರರು 1909ರ ಜನವರಿ 9ರಂದು ದಕ್ಷಿಣ ಅಕ್ಷಾಂಶ 88 ಡಿಗ್ರಿ 23 ನಿಮಿಷದವರೆಗೆ ನಡೆದು, ಧ್ರುವ ಇನ್ನು 97 ನಾಟಿಕಲ್ ಮೈಲಿ ಇದೆ ಅನ್ನುವಾಗ ವಾಪಸ್ ತಿರುಗಿದರು. ಇನ್ನೂ ಮುಂದೆ ಹೋದರೆ ತಿರುಗಿ ಬರುವಷ್ಟು ಊಟ ಉಳಿದಿರಲಿಲ್ಲ. ಆ ಗೆರೆ ಎಲ್ಲಿ ನಿಂತಿತು ಅಂತ ಬೆರಳಿಟ್ಟು ನೋಡಬಹುದಾದದ್ದು ಜೇಬಿನ ನಕ್ಷೆಯಲ್ಲೇ. ಅದಿಲ್ಲದ ಸೆಟ್ಟು ಓದಲು ಚೆನ್ನ, ಕೂಡಿಡಲು ಅಲ್ಲ. ಬೆಲೆಯೂ ಹಾಗೇ ಬೀಳುತ್ತದೆ.

ನಕ್ಷೆ ಕಳೆದುಹೋಗುವುದು ಯಾಕೆ ಅಂದರೆ, ಅದು ಬಿಡಿಯಾಗಿರುತ್ತದೆ. ಯಾರೋ ಮಕ್ಕಳಿಗೆ ತೋರಿಸಲು ತೆಗೆದಿರುತ್ತಾರೆ. ಇನ್ಯಾರೋ ಚೆನ್ನಾಗಿದೆ ಅಂತ ಫ್ರೇಮ್ ಹಾಕಿಸಿರುತ್ತಾರೆ. ಇನ್ನೊಬ್ಬ ಬ್ರಿಟಿಷ್ ಧ್ರುವಯಾನಿ ಸ್ಕಾಟ್ ಬರೆದ 'ದಿ ವಾಯೇಜ್ ಆಫ್ ದಿ ಡಿಸ್ಕವರಿ'ಯದ್ದೂ (1905) ಇದೇ ಪಾಡು. ಅದರಲ್ಲೂ ಹಿಂದೆ ಜೇಬು, ಜೇಬಲ್ಲಿ ನಕ್ಷೆ.

ಹೊಲಿಗೆಯೊಳಗೇ ಇರುವ ಚಿತ್ರಪುಟಗಳನ್ನು ಪರೀಕ್ಷಿಸುವುದು ಸ್ವಲ್ಪ ತಾಳ್ಮೆಯ ಕೆಲಸ. ಮುಂದುಗಡೆ ಚಿತ್ರಗಳ ಪಟ್ಟಿ ಇರುತ್ತದೆ. ಅದನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದಾಗಿ ಎಣಿಸಬೇಕು, ಬೇರೆ ದಾರಿ ಇಲ್ಲ. ಆದರೆ ಕಳ್ಳತನ ಹಿಡಿಯಲು ಒಂದು ಸುಲಭದ ಗುರುತು ಇದೆ. ನೂರು ವರ್ಷ ಒಂದು ಚಿತ್ರ ಎದುರು ಪುಟಕ್ಕೆ ಅಂಟಿಕೊಂಡು ಮಲಗಿದ್ದರೆ, ಆ ಪುಟದ ಮೇಲೆ ಚಿತ್ರದ ಅಳತೆಯದೇ ಒಂದು ತೆಳು ಕಂದು ನೆರಳು ಬಿದ್ದಿರುತ್ತದೆ. ಚಿತ್ರ ಕಿತ್ತವನು ನೆರಳನ್ನು ಕೀಳಲಾರ. ಪುಟ ತಿರುಗಿಸುವಾಗ ಎಲ್ಲಾದರೂ ಕಾರಣವಿಲ್ಲದ ನೆರಳು ಕಂಡಿತೋ, ಬೆರಳಿನಿಂದ ಹೊಲಿಗೆಯ ಸಂದಿ ಸವರಿ ನೋಡಿ. ಬ್ಲೇಡಿನಿಂದ ಕೊಯ್ದ ಸಣ್ಣ ಅಂಚು ಕೈಗೆ ಸಿಗುತ್ತದೆ. ಇದರ ಉಲ್ಟಾ ಕೂಡ ಉಂಟು. ಬೇರೆ ಪ್ರತಿಯಿಂದ ತಂದು ಅಂಟಿಸಿದ ಚಿತ್ರಕ್ಕೆ ಎದುರು ಪುಟದಲ್ಲಿ ನೆರಳೇ ಇರುವುದಿಲ್ಲ, ಅಥವಾ ಇರುವ ನೆರಳು ಅದರದ್ದಾಗಿರುವುದಿಲ್ಲ.

ಚಿತ್ರ ಕೀಳುವುದು ಹೊಸ ಚಾಳಿಯೇನಲ್ಲ. ಹದಿನೆಂಟನೇ ಶತಮಾನದ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್‌ನ ಮೂರನೇ ಯಾನದ ಅಧಿಕೃತ ವರದಿ 1784ರಲ್ಲಿ ಬಂತು. ಮೂರು ಸಂಪುಟ ಬರಹ, ಜೊತೆಗೆ ದೊಡ್ಡ ಚಿತ್ರಗಳಿಗೆಂದೇ ಬೇರೆ ಒಂದು ಭಾರೀ ಅಟ್ಲಾಸ್. ಮೂರೇ ದಿನದಲ್ಲಿ ಅಷ್ಟೂ ಪ್ರತಿ ಖರ್ಚಾಯಿತು. ಇವತ್ತು ಮೂರು ಸಂಪುಟ ಸಿಗುತ್ತವೆ, ಅಟ್ಲಾಸ್ ಸಿಗುವುದಿಲ್ಲ. ಅದು ಬಿಡಿಬಿಡಿಯಾಗಿ ಯಾರ್‍ಯಾರದೋ ಡ್ರಾಯಿಂಗ್ ರೂಮಿನ ಗೋಡೆಯ ಮೇಲಿದೆ. ಇಡೀ ಪುಸ್ತಕ ಮಾರುವುದಕ್ಕಿಂತ ಹಾಳೆ ಹಾಳೆಯಾಗಿ ಮಾರಿದರೆ ಲಾಭ ಜಾಸ್ತಿ ಅಂತ ಒಡೆದು ಮಾರುವ ವ್ಯಾಪಾರಿಗಳು ಎಲ್ಲ ಕಾಲದಲ್ಲೂ ಇದ್ದಾರೆ. ನನಗೆ ಅವರನ್ನು ಕಂಡರೆ ಆಗುವುದಿಲ್ಲ. ಅಂಥ ಬಿಡಿ ಹಾಳೆಗೆ ನಾನು ಬೆಲೆ ಕಟ್ಟಿಕೊಡುವುದೂ ಇಲ್ಲ.

ಕುಕ್‌ನ ಮೊದಲ ಯಾನದ ಪುಸ್ತಕ (1773) ಕೊಳ್ಳುವವರು ಇನ್ನೊಂದು ವಿಷಯ ತಿಳಿದಿರಲಿ. ಅದರಲ್ಲಿ "ನಾನು, ನಾನು" ಅಂತ ಮಾತಾಡುವವನು ಪೂರ್ತಿ ಕುಕ್ ಅಲ್ಲ. ಆರು ಸಾವಿರ ಪೌಂಡ್ ಸಂಭಾವನೆ ಪಡೆದು ಅದನ್ನು ತಿದ್ದಿ ಬರೆದವನು ಜಾನ್ ಹಾಕ್ಸ್‌ವರ್ತ್ ಎಂಬ ಲೇಖಕ. ತನ್ನ ಯೋಚನೆಗಳನ್ನೂ ಕುಕ್‌ನ ಬಾಯಲ್ಲಿ ಇಟ್ಟ.

ಕಡಲ ಪುಸ್ತಕದಲ್ಲಿ ನಿಜವಾಗಿ ಅಪರೂಪದ್ದು ಯಾವುದು ಅಂತ ಕೇಳಿದರೆ ನಾನು ಕುಕ್ ಹೆಸರು ಹೇಳುವುದಿಲ್ಲ. ಕುಕ್‌ನನ್ನು ಶ್ರೀಮಂತರು ಕೊಂಡು ಚರ್ಮದ ಬೈಂಡ್ ಹಾಕಿಸಿ ಕಪಾಟಿನಲ್ಲಿಟ್ಟರು. ಆದ್ದರಿಂದ ಉಳಿಯಿತು. ಹಡಗಿನಲ್ಲಿ ದಿನವೂ ಬಳಸಿದ ಪುಸ್ತಕ ಉಳಿಯಲಿಲ್ಲ. ಜೇಮ್ಸ್ ಹಾರ್ಸ್‌ಬರ್ಗ್ ಅಂತ ಒಬ್ಬ ಸ್ಕಾಟ್ಲೆಂಡಿನ ನಾವಿಕ ಇದ್ದ. 1786ರಲ್ಲಿ ಅವನಿದ್ದ 'ಅಟ್ಲಾಸ್' ಎಂಬ ಹಡಗು ಡಿಯಾಗೊ ಗಾರ್ಸಿಯಾ ದ್ವೀಪಕ್ಕೆ ಬಡಿದು ಒಡೆಯಿತು. ಕಾರಣ, ನಕ್ಷೆ ತಪ್ಪಾಗಿತ್ತು. ಆ ಪೆಟ್ಟಿನಿಂದ ಅವನು ಜೀವನವಿಡೀ ನಕ್ಷೆ ತಿದ್ದುತ್ತಾ ಕೂತ. ಮುಂದೆ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಕಡಲ ನಕ್ಷೆಗಳನ್ನು ನೋಡಿಕೊಳ್ಳುವ ಅಧಿಕಾರಿಯಾದ. ಅವನು 1809ರಿಂದ ಹೊರತಂದ ಕಡಲ ಮಾರ್ಗದರ್ಶಿ ಹಲವು ಮುದ್ರಣ ಕಂಡಿತು. ನಮ್ಮ ಪಡುವಣ ಕರಾವಳಿಗೆ ಬರುವ ಹಡಗುಗಳೂ ಅದನ್ನೇ ನಂಬಿದ್ದವು. ಹೊಸ ಮುದ್ರಣ ಬಂದ ಕೂಡಲೇ ಹಳೆಯದು ಅಪಾಯಕಾರಿ, ಇಟ್ಟುಕೊಳ್ಳುವ ಹಾಗೇ ಇಲ್ಲ. ಎಸೆಯುತ್ತಿದ್ದರು. ಹಾಗಾಗಿ ಉಪ್ಪುನೀರಿನ ಕಲೆ ಬಿದ್ದು, ಅಂಚಿನಲ್ಲಿ ಯಾವನೋ ನಾವಿಕ ಪೆನ್ನಿನಲ್ಲಿ ಆಳ ತಿದ್ದಿ ಬರೆದ ಪ್ರತಿ ಸಿಕ್ಕರೆ "ಗಲೀಜು" ಅಂತ ಬಿಡಬೇಡಿ. ಇಂಥ ಪುಸ್ತಕದಲ್ಲಿ ಆ ಗಲೀಜೇ ಸಾಕ್ಷಿ.

ಧ್ರುವದ ಕಡೆಗೆ ಬಂದರೆ, ಎಲ್ಲರ ಕನಸಿನ ಪುಸ್ತಕ 'ಅರೋರಾ ಆಸ್ಟ್ರಾಲಿಸ್'. ಅಂಟಾರ್ಕ್ಟಿಕಾದಲ್ಲೇ ಬರೆದು, ಅಚ್ಚು ಮಾಡಿ, ಬೈಂಡ್ ಹಾಕಿದ ಮೊದಲ ಪುಸ್ತಕ ಅದು. 1908ರ ಚಳಿಗಾಲದಲ್ಲಿ, ಸೂರ್ಯನೇ ಹುಟ್ಟದ ತಿಂಗಳುಗಳಲ್ಲಿ, ಕೇಪ್ ರಾಯ್ಡ್ಸ್‌ನ ಗುಡಿಸಲಿನಲ್ಲಿ ಶ್ಯಾಕಲ್ಟನ್‌ನ ಜನ ಕೂತು ಮಾಡಿದ್ದು. ಅರ್ನೆಸ್ಟ್ ಜಾಯ್ಸ್, ಫ್ರಾಂಕ್ ವೈಲ್ಡ್ ಇಬ್ಬರೂ ಲಂಡನ್ನಿನ ಒಂದು ಛಾಪಖಾನೆಯಲ್ಲಿ ಕೆಲವು ವಾರ ಕಲಿತು ಹೋಗಿದ್ದರು. ಚಳಿಗೆ ಇಂಕು ಗಟ್ಟಿಯಾಗಿಬಿಡುತ್ತಿತ್ತು. ಇಂಕಿನ ತಟ್ಟೆಯ ಕೆಳಗೆ ದೀಪ ಹಚ್ಚಿಟ್ಟು ಕರಗಿಸಿ ಅಚ್ಚು ಹಾಕಿದರು. ಚಿತ್ರ ಬರೆದವನು ಜಾರ್ಜ್ ಮಾರ್ಸ್ಟನ್. ರಟ್ಟಿಗೆ ಏನು ಮಾಡುವುದು? ಬರ್ನಾರ್ಡ್ ಡೇ ಊಟದ ಸಾಮಾನು ತಂದ ಪೆಟ್ಟಿಗೆಗಳ ಪ್ಲೈವುಡ್ ಕೊಯ್ದು, ಉಜ್ಜಿ ನಯ ಮಾಡಿ, ಅದನ್ನೇ ರಟ್ಟು ಮಾಡಿದ. ಪೆಟ್ಟಿಗೆಯ ಮೇಲೆ ಒತ್ತಿದ್ದ ಅಕ್ಷರ ಹಾಗೇ ಉಳಿಯಿತು. ಅದಕ್ಕೇ ಇವತ್ತು ಒಂದೊಂದು ಪ್ರತಿಗೂ ಒಂದೊಂದು ಅಡ್ಡಹೆಸರು. 'ಬೆಣ್ಣೆ' ಪ್ರತಿ, 'ಐರಿಷ್ ಸ್ಟ್ಯೂ' ಪ್ರತಿ ಅಂತ ಕೋಟಿಗಟ್ಟಲೆ ಆಸ್ತಿ ಇರುವವರು ಗಂಭೀರವಾಗಿ ಮಾತಾಡುವುದನ್ನು ಕೇಳಬೇಕು ನೀವು. ಮಾಡಿದ್ದೇ ನೂರರ ಹತ್ತಿರ. ನಿಮಗೂ ನನಗೂ ಅದು ಸಿಗುವುದಿಲ್ಲ. ಯಾರಾದರೂ ಕಡಿಮೆ ಬೆಲೆಗೆ ಕೊಡುತ್ತೇನೆ ಎಂದರೆ ಅದು ಈಚೆಗೆ ಬಂದ ಪಡಿಯಚ್ಚು.

ಕೈಗೆ ಎಟುಕಬಹುದಾದ್ದು ಶ್ಯಾಕಲ್ಟನ್ನನದೇ 'ಸೌತ್', 1919. 'ಎಂಡ್ಯೂರೆನ್ಸ್' ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿ 1915ರಲ್ಲಿ ಮುಳುಗಿದ ಕಥೆ. 2022ರಲ್ಲಿ ಆ ಹಡಗು ಸುಮಾರು 3,000 ಮೀಟರ್ ಆಳದಲ್ಲಿ ಸಿಕ್ಕ ಮೇಲಂತೂ ಕೇಳುವವರು ಜಾಸ್ತಿಯಾಗಿದ್ದಾರೆ. ಇದರ ಕಾಗದ ಹಳದಿಯಾಗಿ ಕಂದಾಗಿರುತ್ತದೆ, ಹೆದರಬೇಡಿ. ಯುದ್ಧ ಆಗಷ್ಟೇ ಮುಗಿದಿತ್ತು, ಒಳ್ಳೆಯ ಕಾಗದ ಇರಲಿಲ್ಲ. ಬೆಳ್ಳಗೆ ಹೊಳೆಯುವ 1919ರ ಪ್ರತಿ ಕಂಡರೇ ನನಗೆ ಅನುಮಾನ. ಒಳಗಿನ ಶೀರ್ಷಿಕೆ ಪುಟದ ಹಿಂಬದಿ ಮಾತ್ರ ತಪ್ಪದೆ ನೋಡಿ, ಮರುಮುದ್ರಣ ಬೇಗ ಬೇಗ ಬಂದವು. ಅದರಲ್ಲಿರುವ ಫ್ರಾಂಕ್ ಹರ್ಲಿಯ ಫೋಟೋಗಳನ್ನು ನಿಧಾನವಾಗಿ ನೋಡಿ. ಮುಳುಗುತ್ತಿದ್ದ ಹಡಗಿನ ಮಂಜುನೀರಿಗೆ ಇಳಿದು ಅವನು ಗಾಜಿನ ನೆಗೆಟಿವ್ ಎತ್ತಿ ತಂದ. ಆಮೇಲೆ ಭಾರ ಇಳಿಸಲು ನೂರಿಪ್ಪತ್ತರಷ್ಟು ಉಳಿಸಿಕೊಂಡು ಸುಮಾರು ನಾನೂರನ್ನು ಅಲ್ಲೇ ಒಡೆದು ಹಾಕಿದರು. ಮತ್ತೆ ಮನಸ್ಸು ಬದಲಾಗಬಾರದು ಅಂತ.

ಎಲ್ಲದಕ್ಕಿಂತ ನನಗೆ ಇಷ್ಟವಾದದ್ದು, ಸ್ಕಾಟ್‌ನ ಕೊನೆಯ ಯಾತ್ರೆಯಲ್ಲಿದ್ದ ಚೆರ‍್ರಿ-ಗರಾರ್ಡ್‌ನ 'ದಿ ವರ್ಸ್ಟ್ ಜರ್ನಿ ಇನ್ ದಿ ವರ್ಲ್ಡ್', 1922, ಎರಡು ಸಂಪುಟ. ಮೂರು ಪೆಂಗ್ವಿನ್ ಮೊಟ್ಟೆಗಾಗಿ ಕತ್ತಲ ಚಳಿಗಾಲದಲ್ಲಿ ಮೂವರು ಪಟ್ಟ ಪಾಡು ಅದರ ನಡುಮಧ್ಯೆ ಇದೆ. ನೀಲಿ ಬೂದಿ ರಟ್ಟು, ಬೆನ್ನಿಗೆ ಬಿಳಿ ಲಿನನ್ ಬಟ್ಟೆ, ಬಟ್ಟೆಯ ಮೇಲೆ ಕಾಗದದ ಚೀಟಿ. ಚೀಟಿ ಬೇಗ ಹರಿಯುತ್ತದೆ ಅಂತ ಪ್ರಕಾಶಕರಿಗೇ ಗೊತ್ತಿತ್ತು. ಪುಸ್ತಕದ ಕೊನೆಯಲ್ಲಿ ಇನ್ನೊಂದು ಚೀಟಿಯನ್ನು ಮೆಲ್ಲಗೆ ಅಂಟಿಸಿಯೇ ಕೊಟ್ಟರು. ನೋಡಿ, ಮತ್ತೆ ಹಿಂದಿನಿಂದಲೇ ಶುರು ಮಾಡಬೇಕಾಯಿತು, ಅಲ್ವಾ? ಆ ಎರಡನೇ ಚೀಟಿ ಇನ್ನೂ ಅಲ್ಲೇ ಇದ್ದರೆ ಪುಸ್ತಕಕ್ಕೆ ಯಾರೂ ಜಾಸ್ತಿ ಕೈ ಹಾಕಿಲ್ಲ ಅಂತ ಧೈರ್ಯ ಬರುತ್ತದೆ.

ಈ ಪುಸ್ತಕ ಓದುವಾಗ ನಮಗೆ ಪರಿಚಯದ ಹೆಸರುಗಳು ಸಿಗುತ್ತವೆ. ಲಾಲ್ ಖಾನ್, ಗುಲಾಬ್, ಬೇಗಂ, ರಾಣಿ, ಪ್ಯಾರೀ, ಅಬ್ದುಲ್ಲಾ, ಖಾನ್ ಸಾಹೇಬ್. ಮನುಷ್ಯರಲ್ಲ, ಭಾರತದಿಂದ ಕಳಿಸಿದ ಏಳು ಹೇಸರಗತ್ತೆಗಳು! 1912ರ ಅಕ್ಟೋಬರ್ ಕೊನೆಯಲ್ಲಿ, ಧ್ರುವದಿಂದ ಮರಳುವಾಗ ತೀರಿಕೊಂಡ ಸ್ಕಾಟ್‌ನ ಡೇರೆ ಹುಡುಕಿ ಹೊರಟ ತಂಡದ ಸಾಮಾನು ಎಳೆದವು ಇವು. ಅದೇ ಯಾತ್ರೆಯ ಬವರ್ಸ್, ರಾಯಲ್ ಇಂಡಿಯನ್ ಮರೀನ್‌ನವನು. ಓಟ್ಸ್ ಮಧ್ಯಭಾರತದ ಮಹೂ ದಂಡಿನಲ್ಲಿದ್ದವನು. ಹವಾಮಾನ ನೋಡಿದ ಸಿಂಪ್ಸನ್ ಶಿಮ್ಲಾದ ಕಚೇರಿಯಿಂದ ಹೋಗಿ ಮತ್ತೆ ಅಲ್ಲಿಗೇ ಕರೆಸಿಕೊಂಡವನು. ಶುರು ಮಾಡುವವರಿಗೆ ನಾನು ಇಂಥದ್ದೊಂದು ಎಳೆ ಹಿಡಿಯಿರಿ ಅನ್ನುತ್ತೇನೆ. ದೊಡ್ಡ ಹೆಸರುಗಳ ಹಿಂದೆ ಓಡಿದರೆ ದುಡ್ಡಿರುವವನೇ ಗೆಲ್ಲುತ್ತಾನೆ. ಎಳೆ ಹಿಡಿದು ಹೋದವನಿಗೆ ಇನ್ನೂರು ರೂಪಾಯಿಯ ಹಳೇ ವಾರಪತ್ರಿಕೆಯೂ ಸಂಗ್ರಹದ ಭಾಗವೇ.

ಎರಡು ಸಂಪುಟದ ಸೆಟ್ಟುಗಳಲ್ಲಿ ಇನ್ನೊಂದು ಕಿತಾಪತಿ ಇದೆ. ಒಂದು ಸಂಪುಟ ಮೊದಲ ಮುದ್ರಣ, ಇನ್ನೊಂದು ಆಮೇಲಿನದು. ಎಲ್ಲೋ ಒಂಟಿಯಾಗಿದ್ದ ಎರಡನ್ನು ತಂದು ಜೋಡಿ ಮಾಡಿರುತ್ತಾರೆ. ಎರಡರ ಬೆನ್ನನ್ನೂ ಕಿಟಕಿ ಬೆಳಕಿನಲ್ಲಿ ಪಕ್ಕಪಕ್ಕ ಹಿಡಿಯಿರಿ. ಒಂದೇ ಮನೆಯಲ್ಲಿ, ಒಂದೇ ಬಿಸಿಲಿಗೆ ಬೆಳೆದವು ಒಂದೇ ಥರ ಮಾಸಿರುತ್ತವೆ.

ನಾನೂ ಏಟು ತಿಂದಿದ್ದೇನೆ. ಕೆಲಸ ಕಲಿಯುವ ಮುಂಚೆ, ನಾರ್ವೆಯ ಧ್ರುವಯಾನಿ ನಾನ್ಸೆನ್‌ನ 'ಫಾರ್ದೆಸ್ಟ್ ನಾರ್ತ್' (1897) ಸೆಟ್ಟೊಂದು ಅಗ್ಗಕ್ಕೆ ಸಿಕ್ಕಿತ್ತು. ರಟ್ಟು ಸ್ವಲ್ಪ ಸಡಿಲ, ಅಷ್ಟೇ. ಸುಮ್ನೆ ಬಿಡಬಹುದಿತ್ತು. ಗಟ್ಟಿಯಾಗಲಿ ಅಂತ ಒಬ್ಬ ಬೈಂಡರ್‌ಗೆ ಕೊಟ್ಟೆ. ವಾರ ಬಿಟ್ಟು ಹೋದರೆ ಕೆಂಪು ರೆಕ್ಸಿನ್ನಿನಲ್ಲಿ ಮಿರಮಿರ ಮಿಂಚುತ್ತಾ ಕೂತಿತ್ತು. ಅಂಚು ನೀಟಾಗಲಿ ಅಂತ ಮೂರೂ ಕಡೆ ಕಟಿಂಗ್ ಮೆಷಿನ್ನಿಗೆ ಕೊಟ್ಟಿದ್ದ. ಮಡಚಿದ ನಕ್ಷೆಯ ತುದಿಯೂ ಅದರ ಜೊತೆಗೇ ಹೋಗಿತ್ತು. ಹಳೇ ಬಟ್ಟೆ ರಟ್ಟು ಎಲ್ಲಿ ಅಂದರೆ "ಅದು ಹಳೇದು ಸರ್, ಬಿಸಾಕಿದೆ" ಅಂದ. ಅವನದೇನೂ ತಪ್ಪಿಲ್ಲ, ನಾನು ಹೇಳಿರಲಿಲ್ಲ. ಆ ಸೆಟ್ಟು ಈಗಲೂ ನನ್ನ ಮೇಜಿನ ಮೇಲಿದೆ. ಬಂದವರಿಗೆ ತೋರಿಸಲು.

ನಮ್ಮ ಹವೆಗೆ ಬೇಕಾದ್ದು ಇಷ್ಟೇ. ಕಪಾಟನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ಮಳೆಗಾಲದಲ್ಲಿ ಗೋಡೆಯ ತೇವ ನೇರ ಪುಸ್ತಕಕ್ಕೆ. ಗಾಜಿನ ಬಾಗಿಲು ದಿನಕ್ಕೊಮ್ಮೆ ತೆರೆಯಿರಿ. ಕಂದು ಚುಕ್ಕೆ ಬಿದ್ದರೆ ಬ್ಲೀಚ್ ಮಾಡಲು ಹೋಗಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಹರಿದ ನಕ್ಷೆಗೆ ಜಪಾನಿ ತೆಳು ಕಾಗದ, ಗೋಧಿ ಗಂಜಿಯ ಅಂಟು. ಅದು ಮುಂದೆ ನೀರು ಸವರಿದರೆ ಬಿಟ್ಟುಕೊಳ್ಳುತ್ತದೆ. ಸೆಲ್ಲೋ ಟೇಪ್ ಬಿಡುವುದಿಲ್ಲ, ಬಿಟ್ಟರೂ ಕಲೆ ಉಳಿಸಿಯೇ ಹೋಗುತ್ತದೆ.

ಸಕಲೇಶಪುರದವರಿಗೆ ನಾನು ಬೆಲೆ ಹೇಳಲಿಲ್ಲ. "ಬಂಗಲೆಯಲ್ಲಿ ಇನ್ನೊಮ್ಮೆ ಹುಡುಕಿ, ಕಾಗದದ ಪೆಟ್ಟಿಗೆ, ಫೋಟೋ ಫ್ರೇಮಿನ ಹಿಂಬದಿ, ಎಲ್ಲ ನೋಡಿ" ಎಂದು ಕಳಿಸಿದೆ. ಮೂರು ವಾರದ ಮೇಲೆ ಫೋನ್ ಬಂತು. ಪನೋರಮಾ ಸಿಕ್ಕಿಲ್ಲ. ನಕ್ಷೆ ಒಂದು ಸಿಕ್ಕಿದೆ. ಅಜ್ಜಿ ತಮ್ಮ ಸೀರೆ ಬೀರುವಿನ ಕೆಳಗಿನ ಹಲಗೆಗೆ ಹಾಸಿದ್ದರಂತೆ, ನುಸಿಗುಳಿಗೆಯ ಗುರುತು ನಾಲ್ಕು ಕಡೆ ಇದೆಯಂತೆ, ಮಡಿಕೆಯಲ್ಲಿ ಎರಡು ಹೋಳಾಗಿದೆಯಂತೆ.

"ಟೇಪ್ ಹಾಕಿ ಜೋಡಿಸಿ ತರಲಾ ಸರ್?"

"ಮುಟ್ಟಬೇಡಿ. ಬೀರು ಹಾಗೇ ಇರಲಿ. ಭಾನುವಾರ ನಾನೇ ಬರ್ತೀನಿ" ಅಂದೆ.