ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿನಲ್ಲಿ ಲಿನಕ್ಸ್ ನೋಡುವುದು ಹೇಗೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೆಯ ಯಂತ್ರಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಹಾಗಾಗಿ ಮುಂಬೈ ಬಳಿಯ ಡೊಂಬಿವಲಿಯ ನನ್ನ ರಿಪೇರಿ ಅಂಗಡಿಗೆ ಬರುವ ನಮ್ಮ ಕನ್ನಡದವರು ಈಗ ‘ಸರ್, ಲಿನಕ್ಸ್ ಹಾಕಿ ನೋಡೋಣ್ವಾ?’ ಅಂತ ಕೇಳುತ್ತಾರೆ. ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಕಂಪ್ಯೂಟರ್ ಓಡಿಸುವ ಇನ್ನೊಂದು ವ್ಯವಸ್ಥೆ. ನೋಡಿ, ಆದರೆ ಹಾಕಬೇಡಿ. ಇಲ್ಲಿನ ಮನೆಗಳಲ್ಲಿ ಕಂಪ್ಯೂಟರ್ ಇರುವುದೇ ಒಂದು. ಅಪ್ಪನ ಹೋಟೆಲಿನ ಟ್ಯಾಲಿ ಲೆಕ್ಕ, ಮಗಳ ಕಾಲೇಜಿನ ಪ್ರಾಜೆಕ್ಟ್ ಎಲ್ಲ ಅದರಲ್ಲೇ, ಅಲ್ವಾ?

ಪೆನ್‌ಡ್ರೈವ್‌ನಿಂದಲೇ ಓಡಿಸಿ. ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್‌ನ ಐಎಸ್ಒ ಫೈಲ್ (ಇಡೀ ಲಿನಕ್ಸ್ ತುಂಬಿದ ಒಂದೇ ಫೈಲ್) ಸುಮಾರು 3 ಜಿಬಿ. 8 ಜಿಬಿಯ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಖಾಲಿಯದನ್ನೇ ತೆಗೆದುಕೊಳ್ಳಿ. ಐಎಸ್ಒ ಫೈಲನ್ನು ಅದಕ್ಕೆ ರೂಫಸ್ ಎಂಬ ತಂತ್ರಾಂಶದಿಂದ ಬರೆದುಕೊಂಡರೆ ಆಯಿತು. ಹೀಗೆ ಓಡುವ ಲಿನಕ್ಸ್ ರ್‍ಯಾಮ್‌ನಲ್ಲಿ ಕೆಲಸ ಮಾಡುತ್ತದೆ, ತಾನಾಗಿ ಹಾರ್ಡ್ ಡಿಸ್ಕ್ ಮುಟ್ಟುವುದಿಲ್ಲ. ವೈಫೈ, ಪ್ರಿಂಟರ್, ಸೌಂಡ್, ಕನ್ನಡ ಟೈಪಿಂಗ್ ಎಲ್ಲ ಇಲ್ಲೇ ನೋಡಿಬಿಡಿ. ಸ್ವಲ್ಪ ನಿಧಾನ ಅನ್ನಿಸಿದರೆ ಅದು ಪೆನ್‌ಡ್ರೈವ್‌ನ ನಿಧಾನ.

ತಾನಾಗಿ ಮುಟ್ಟುವುದಿಲ್ಲ ಅಂದೆ. ನೀವು ಮುಟ್ಟಿದರೆ? ಡಿಸ್ಕ್ ಎನ್‌ಕ್ರಿಪ್ಟ್ (ಕೀ ಇಲ್ಲದೆ ಓದಲಾಗದಂತೆ ಲಾಕ್) ಆಗಿಲ್ಲದಿದ್ದರೆ ಅಪ್ಪನ ವಿಂಡೋಸ್ ಪಾಸ್‌ವರ್ಡ್ ಇಲ್ಲಿ ಲೆಕ್ಕಕ್ಕೇ ಇಲ್ಲ. ಟ್ಯಾಲಿ ಫೋಲ್ಡರ್ ಸುಮ್ನೆ ತೆರೆದುಕೊಳ್ಳುತ್ತದೆ, ಡಿಲೀಟ್ ಕೂಡ ಆಗುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಇನ್‌ಸ್ಟಾಲ್ ಐಕಾನ್ ಬೇರೆ ಕಾಯುತ್ತಿರುತ್ತದೆ. ಬ್ಯಾಕಪ್ ಮೊದಲು, ಆಮೇಲೆ ಆಟ. ಬ್ಯಾಕಪ್ ಆದ ಹೊರಗಿನ ಹಾರ್ಡ್ ಡಿಸ್ಕನ್ನು ಕಿತ್ತು ಬೀರುವಿನಲ್ಲಿಡಿ.

ಎನ್‌ಕ್ರಿಪ್ಟ್ ಆಗಿದ್ದರೆ ಕಷ್ಟ ಬೇರೆ ಥರ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ವ್ಯವಸ್ಥೆಯನ್ನಷ್ಟೇ ಶುರುವಾಗಲು ಬಿಡುವ ಸೆಟ್ಟಿಂಗ್) ಬದಲಿಸಿದರೆ, ಮತ್ತೆ ವಿಂಡೋಸ್‌ಗೆ ಬಂದಾಗ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಟ್ ವ್ಯವಸ್ಥೆ) 48 ಅಂಕಿಗಳ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ಮೊದಲು ಲ್ಯಾಪ್‌ಟಾಪ್ ಸೆಟಪ್ ಮಾಡಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಅಂದರೆ ಎಷ್ಟೋ ಮನೆಗಳಲ್ಲಿ, ಈಗ ಪುಣೆಯಲ್ಲೋ ದುಬೈಯಲ್ಲೋ ಇರುವ ದೊಡ್ಡ ಮಗನ ಖಾತೆ! ಅವನಿಗೆ ಫೋನ್ ಮಾಡಿ ಕೀ ಬರೆದಿಟ್ಟುಕೊಂಡ ಮೇಲೆಯೇ ಸೆಟ್ಟಿಂಗ್‌ಗೆ ಕೈ ಹಾಕಿ. ಉಬುಂಟು (ಲಿನಕ್ಸ್‌ನ ಇನ್ನೊಂದು ಬಗೆ), ಮಿಂಟ್ ಎರಡೂ ಸೆಕ್ಯೂರ್ ಬೂಟ್ ಇದ್ದಂತೆಯೇ ಓಡುತ್ತವೆ, ಅದನ್ನು ಆಫ್ ಮಾಡುವ ಅಗತ್ಯ ಹೆಚ್ಚಾಗಿ ಬರುವುದೇ ಇಲ್ಲ. ಯಂತ್ರ ಶುರುವಾಗುವಾಗ ಎಫ್12 ಅಥವಾ ಎಫ್9 ಒತ್ತಿ (ಕಂಪನಿಗೊಂದು ಕೀ) ಆ ಒಂದು ಸಲಕ್ಕೆ ಮಾತ್ರ ಪೆನ್‌ಡ್ರೈವ್ ಆರಿಸಿ.

ವಿಂಡೋಸ್‌ನಿಂದ ಹೊರಡುವಾಗ ಶಟ್ ಡೌನ್ ಬೇಡ, ರೀಸ್ಟಾರ್ಟ್ ಒತ್ತಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್ ಡೌನ್ ಆದ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ. ಆಗ ಅದರ ಡಿಸ್ಕ್‌ಗೆ ಲಿನಕ್ಸ್‌ನಿಂದ ಏನಾದರೂ ಬರೆದರೆ ಫೈಲ್ ಕೆಡುವ ಅಪಾಯ.

8 ಜಿಬಿ ರ್‍ಯಾಮ್ ಇದ್ದರೆ ವರ್ಚುವಲ್‌ಬಾಕ್ಸ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ತಂತ್ರಾಂಶ) ಕೂಡ ಆಗುತ್ತದೆ, ಆದರೆ ನಿಮ್ಮ ವೈಫೈ ಕಾರ್ಡ್ ಲಿನಕ್ಸ್‌ಗೆ ಒಗ್ಗುತ್ತದೋ ಇಲ್ಲವೋ ಅದರಲ್ಲಿ ತಿಳಿಯುವುದಿಲ್ಲ. ಡ್ಯುಯಲ್ ಬೂಟ್ (ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕುವುದು) ಅಂತೂ ಇನ್ನೊಬ್ಬರ ಹೊಟ್ಟೆಪಾಡು ನಡೆಯುವ ಯಂತ್ರದಲ್ಲಿ ನಾನು ಮಾಡಿಕೊಡುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಲಿನಕ್ಸ್ ನೋಡಿ ವಾಪಸ್ ಬಂದರೆ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಇರಬಹುದು. ಲಿನಕ್ಸ್ ಯಂತ್ರದ ಗಡಿಯಾರವನ್ನು ಯುಟಿಸಿ (ಜಾಗತಿಕ ಮಾನಕ) ಸಮಯದಲ್ಲಿಡುತ್ತದೆ, ವಿಂಡೋಸ್ ಸ್ಥಳೀಯ ಸಮಯದಲ್ಲಿಡುತ್ತದೆ. ಡೇಟ್ ಆ್ಯಂಡ್ ಟೈಮ್‌ನಲ್ಲಿ ‘ಸಿಂಕ್ ನೌ’ ಒತ್ತಿ, ಅಪ್ಪ ಬಿಲ್ ಹೊಡೆಯಲು ಕೂರುವ ಮೊದಲೇ.