ಗೀಜಗನ ಅರ್ಧ ಗೂಡು ಮತ್ತು ಸಲೀಂ ಅಲಿ

ನವೆಂಬರ್ 12 ಬಂತೆಂದರೆ ಪಕ್ಷಿತಜ್ಞ ಸಲೀಂ ಅಲಿ ಅವರ ಫೋಟೋ ಎಲ್ಲರ ಮೊಬೈಲಿಗೂ ಬರುತ್ತದೆ. ಬಿಳಿ ಗಡ್ಡ, ಕೊರಳಲ್ಲಿ ಬೈನಾಕ್ಯುಲರ್, ಕೆಳಗೊಂದು ನಮಸ್ಕಾರ. ಅದರ ಹಿಂದೆಯೇ ಇನ್ನೊಂದು ಸಂದೇಶವೂ ಬರುವುದುಂಟು: ಗೀಜಗ ಹಕ್ಕಿ ಮಿಂಚುಹುಳ ಹಿಡಿದು ತಂದು, ಗೂಡಿನ ಮಣ್ಣಿಗೆ ಅಂಟಿಸಿ, ಮರಿಗಳಿಗೆ ದೀಪ ಹಚ್ಚುತ್ತದಂತೆ! ಗೀಜಗನನ್ನೇ ತಿಂಗಳುಗಟ್ಟಲೆ ಕೂತು ನೋಡಿದ ಮನುಷ್ಯನ ಹುಟ್ಟುಹಬ್ಬಕ್ಕೆ ಈ ಕಥೆ ಹಂಚುವುದು ಎಂಥ ಮರ್ಯಾದೆ, ಹೇಳಿ?

ಗೂಡಿನ ಒಳಗೆ ಹಸಿ ಮಣ್ಣು ಮೆತ್ತುವುದು ಮಾತ್ರ ನಿಜ. ಗಾಳಿಗೆ ಗೂಡು ಜಾಸ್ತಿ ತೂಗಾಡದಿರಲಿ ಎಂದು ಇರಬಹುದು ಎನ್ನುತ್ತಾರೆ. ದೀಪದ ಮಾತು ಸುಮ್ನೆ ಕಟ್ಟಿದ್ದು. ಮಿಂಚುಹುಳ ಬೆಳಗುವುದು ತನ್ನ ಜೋಡಿಯನ್ನು ಕರೆಯಲಿಕ್ಕೆ. ಮಣ್ಣಲ್ಲಿ ಹೂತರೆ ಸಾಯುತ್ತದೆ, ಬೆಳಕೂ ಹೋಗುತ್ತದೆ. ಅಲ್ಲದೆ ರಾತ್ರಿ ಮಲಗುವ ಹಕ್ಕಿಗೆ ದೀಪ ಯಾಕೆ ಬೇಕು?

ಸಲೀಂ ಅಲಿ ಹುಟ್ಟಿದ್ದು 1896ರಲ್ಲಿ. ಹುಡುಗನಿದ್ದಾಗ ಏರ್‌ಗನ್ನಿನಿಂದ ಹೊಡೆದ ಹಳದಿ ಕತ್ತಿನ ಗುಬ್ಬಿ ಯಾವುದೆಂದು ಕೇಳಲು ಹೋಗಿ ಪಕ್ಷಿಗಳ ಹುಚ್ಚು ಹತ್ತಿಸಿಕೊಂಡ ಕಥೆ ನಿಮಗೆಲ್ಲ ಗೊತ್ತೇ ಇದೆ, ಬಿಡಿ. ಜನ ಮರೆಯುವುದು ಬೇರೊಂದನ್ನು: ಅವರು ಒಂದು ಕಾಲಕ್ಕೆ ಒಂಥರಾ ಮೇಷ್ಟ್ರೂ ಆಗಿದ್ದರು. 1926ರಲ್ಲಿ ಮುಂಬೈಯ ಮ್ಯೂಸಿಯಮ್ಮಿನಲ್ಲಿ ಬಂದವರಿಗೆ ಪ್ರಾಣಿ ಪಕ್ಷಿಗಳ ಬಗ್ಗೆ ತಿಳಿಸಿ ಹೇಳುವ ಕೆಲಸ ಅವರದು. ಮುಂದೆ ಬರ್ಲಿನ್ನಿಗೆ ಹೋಗಿ ಸ್ಟ್ರೆಸ್‌ಮನ್ ಎಂಬ ದೊಡ್ಡ ಪಕ್ಷಿತಜ್ಞರ ಹತ್ತಿರ ಕಲಿತು ಬಂದರು. ಬಂದು ನೋಡಿದರೆ, ದುಡ್ಡಿಲ್ಲ ಎಂದು ಆ ಕೆಲಸವನ್ನೇ ತೆಗೆದುಹಾಕಿದ್ದರು. ಸಮುದ್ರದ ದಂಡೆಯ ಕಿಹೀಮ್ ಎಂಬ ಹಳ್ಳಿಗೆ ಹೋಗಿ ಇದ್ದರು. ಮನೆಯ ಹತ್ತಿರವೇ ಗೀಜಗಗಳ ಗೂಡು. 1930ರ ಮಳೆಗಾಲವನ್ನು ಅವುಗಳ ಮುಂದೆ ಕಳೆದರು.

ಗೂಡು ಕಟ್ಟುವುದು ಗಂಡು. ಜೋಳದ ಎಲೆಯ ಅಂಚನ್ನು ಕೊಕ್ಕಿನಿಂದ ಚೂರು ಕಚ್ಚುತ್ತದೆ, ಕಚ್ಚಿದ್ದನ್ನು ಹಿಡಿದೇ ಹಾರುತ್ತದೆ. ಎಲೆ ಸರ್ರನೆ ಸೀಳಿ ಉದ್ದನೆಯ ಎಳೆ ಬರುತ್ತದೆ. ಕಬ್ಬು, ಭತ್ತ, ಹುಲ್ಲು ಯಾವುದಾದರೂ ನಡೆಯುತ್ತದೆ. ಹೀಗೆ ನೂರಾರು ಸಲ ಓಡಾಡಿ ಹೆಣೆಯುತ್ತದೆ. ಆದರೆ ಪೂರ್ತಿ ಮುಗಿಸುವುದಿಲ್ಲ. ಬೋರಲು ಹಾಕಿದ ಟೋಪಿಯಂತೆ, ನಡುವೆ ಒಂದು ಅಡ್ಡಪಟ್ಟಿ ಬಿಟ್ಟು, ಅಲ್ಲಿಗೆ ನಿಲ್ಲಿಸುತ್ತದೆ. ಈ ಅರ್ಧ ಗೂಡು ಗಂಡು ಕೂತು ಜೋಕಾಲಿ ಆಡಲಿಕ್ಕೆ ಎಂದು ತಿಳಿದವರೂ ಹಿಂದೆ ಇದ್ದರು.

ಅಸಲಿ ಸಂಗತಿ ಎಂದರೆ, ಆಗ ಹೆಣ್ಣುಗಳು ಪರೀಕ್ಷೆಗೆ ಬರುತ್ತವೆ. ಗಂಡುಗಳು ರೆಕ್ಕೆ ಬಡಿದು ಚೀರಾಡುತ್ತವೆ. ಹೆಣ್ಣು ಒಳಗೆ ಹೊಕ್ಕು, ಹೆಣಿಗೆಯನ್ನು ಎಳೆದು ನೋಡಿ, ಒಪ್ಪಿದರೆ ಉಳಿಯುತ್ತದೆ. ಇಲ್ಲವಾದರೆ ಮುಂದಿನ ಗೂಡಿಗೆ. ಒಪ್ಪಿದ ಮೇಲೆಯೇ ಗಂಡು ಅಡ್ಡಪಟ್ಟಿಯ ಒಂದು ಪಕ್ಕ ಮುಚ್ಚಿ ಮೊಟ್ಟೆಯ ಕೋಣೆ ಮಾಡುತ್ತದೆ, ಇನ್ನೊಂದು ಪಕ್ಕದಿಂದ ಕೆಳಗೆ ಉದ್ದನೆಯ ಕೊಳವೆ ಇಳಿಬಿಡುತ್ತದೆ. ಕಲಬುರಗಿಯ ಹೊಸ ಲೇಔಟುಗಳಲ್ಲಿ ಪಿಲ್ಲರ್ ಎತ್ತಿ ಗಿರಾಕಿ ಕಾಯುವ ಬಿಲ್ಡರನ ಲೆಕ್ಕವೇ ಇದು: ಪೂರ್ತಿ ಕಟ್ಟಿ ಯಾರೂ ಬರದಿದ್ದರೆ ಅಷ್ಟೂ ದಂಡ. ಹೆಣ್ಣು ಎರಡರಿಂದ ನಾಲ್ಕು ಮೊಟ್ಟೆ ಇಟ್ಟು ತಾನೊಬ್ಬಳೇ ಕಾವು ಕೊಡುತ್ತದೆ. ಗಂಡು ಅಷ್ಟರಲ್ಲಿ ಪಕ್ಕದ ಟೊಂಗೆಗೆ ಹೋಗಿ ಇನ್ನೊಂದು ಅರ್ಧ ಗೂಡು ಶುರು ಮಾಡಿರುತ್ತದೆ, ಇನ್ನೊಬ್ಬಳಿಗಾಗಿ! ಒಂದು ಗಂಡು ಒಂದಾದ ಮೇಲೆ ಒಂದರಂತೆ ಹಲವು ಸಂಸಾರ ಹೂಡುವ ಈ ಪದ್ಧತಿಯನ್ನು ಸಲೀಂ ಅಲಿ ಬಿಡಿಸಿ ಬರೆದರು. ಕೆಲಸ ಹೋಗದಿದ್ದರೆ ಕಿಹೀಮ್‌ನಲ್ಲಿ ಅಷ್ಟು ದಿನ ಕೂರುತ್ತಿದ್ದರೋ ಇಲ್ಲವೋ.

ಅದರ ಬೆನ್ನಿಗೇ, 1931–32ರಲ್ಲಿ, ಅವರು ಹೈದರಾಬಾದ್ ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ಮಾಡಿದರು. ಕಲಬುರಗಿ, ಬೀದರ್, ಯಾದಗಿರಿ ಎಲ್ಲ ಆಗ ನಿಜಾಮರ ಸೀಮೆ. ಹೆಂಡತಿ ತೆಹ್ಮಿನಾ ಅವರೂ ಇಂಥ ಕ್ಯಾಂಪುಗಳಲ್ಲಿ ಜೊತೆಗಿರುತ್ತಿದ್ದರು. ಆ ಕಾಲದ ಸಮೀಕ್ಷೆ ಎಂದರೆ ಹಕ್ಕಿಯನ್ನು ಹೊಡೆದು ಚರ್ಮ ಸುಲಿದು ಇಡುವುದೂ ಸೇರಿತ್ತು, ಅದನ್ನು ಮುಚ್ಚಿಡಬೇಕಿಲ್ಲ. 1941ರಲ್ಲಿ ಬಂದ ಅವರ ಚಿತ್ರಸಮೇತ ಪುಸ್ತಕದಿಂದ ಎಷ್ಟೋ ಜನ ಬಂದೂಕಿಲ್ಲದೆ ಹಕ್ಕಿ ಗುರುತಿಸಲು ಕಲಿತರು. ರಾಜಸ್ಥಾನದ ಭರತಪುರ ಪಕ್ಷಿಧಾಮ ಉಳಿಯಲು, ರಂಗನತಿಟ್ಟು ಪಕ್ಷಿಧಾಮವಾಗಲು ಅವರ ಮಾತು ಕೆಲಸ ಮಾಡಿತು.

ನಮ್ಮಲ್ಲೂ ಸುರಪುರದ ಹತ್ತಿರ ಬೋನಾಳ ಪಕ್ಷಿಧಾಮ ಇದೆ. ಆದರೆ ಗೀಜಗ ನೋಡಲು ಅಷ್ಟು ದೂರವೂ ಬೇಡ. ಹೊಲದ ಬಾವಿಯ ಮೇಲೆ ಬಾಗಿದ ಜಾಲಿ ಗಿಡ, ಹಳ್ಳದ ದಂಡೆಯ ಈಚಲ ಸಾಕು. ಕೆಳಗೆ ನೀರು, ಸುತ್ತ ಮುಳ್ಳು. ಹಾವಿಗೂ ಹತ್ತುವುದು ಕಷ್ಟ. ಬೋರ್‌ವೆಲ್ ಬಂದ ಮೇಲೆ ಬಾವಿ ಮುಚ್ಚಿ, ಜಾಲಿ ಕಡಿದು ಹಾಕಿದ ಕಡೆ ಈ ಹಕ್ಕಿಗೆ ಜಾಗವಿಲ್ಲ. ತೆನೆ ತಿನ್ನುತ್ತದೆ ಎಂದು ರೈತರು ಕವಣೆ ಬೀಸುವುದು ಸರಿಯೇ, ಆದರೆ ಮರಿಗಳಿಗೆ ಅದು ಹುಳುಗಳನ್ನೂ ಹಿಡಿದು ತಿನ್ನಿಸುತ್ತದೆ. ಖಾಲಿ ಗೂಡು ಕಿತ್ತು ಮನೆಯ ಪಡಸಾಲೆಗೆ ತೂಗುಹಾಕುವವರಿಗೆ ಒಂದು ಮಾತು: ಗೀಜಗ ಬಿಟ್ಟ ಗೂಡಲ್ಲಿ ರಾಟವಾಳದಂಥ ಸಣ್ಣ ಹಕ್ಕಿಗಳು ಸಂಸಾರ ಮಾಡುತ್ತವೆ.

ನವೆಂಬರ್ 12ಕ್ಕೆ ಶಾಲೆಯವರು ಭಾಷಣ ಸ್ವಲ್ಪ ಕಡಿಮೆ ಮಾಡಿ ಮಕ್ಕಳನ್ನು ಅಂಥ ಜಾಲಿಯ ಹತ್ತಿರ ಕರೆದೊಯ್ಯಲಿ. ಅಷ್ಟೊತ್ತಿಗೆ ಹಕ್ಕಿಗಳ ಸಂಸಾರ ಮುಗಿದಿರುತ್ತದೆ, ಒಣಗಿದ ಗೂಡುಗಳು ಉಳಿದಿರುತ್ತವೆ. ಬಾವಿಯಿಂದ ದೂರ ನಿಂತು ಮಕ್ಕಳು ಎಣಿಸಲಿ: ಕೊಳವೆ ಇರುವ ಗೂಡು ಎಷ್ಟು, ಟೋಪಿಯಂತೆ ಅರ್ಧಕ್ಕೇ ನಿಂತದ್ದು ಎಷ್ಟು. ಅರ್ಧಕ್ಕೆ ನಿಂತವು ಬಹುಮಟ್ಟಿಗೆ ಯಾವ ಹೆಣ್ಣೂ ಒಪ್ಪದೇ ಹೋದವು.