ಹಸಿ ಮಣ್ಣಿನಲ್ಲೇ ಬಾಡಿದ ದಾಸವಾಳ

ಸೀಗಿ ಹುಣ್ಣಿಮೆಯ ಮರುದಿನ ಪಕ್ಕದ ಮನೆಯ ಕಾಕು ಕರೆದು ತಮ್ಮ ದಾಸವಾಳದ ಕುಂಡ ತೋರಿಸಿದರು. ಎಲೆಗಳೆಲ್ಲ ಜೋತುಬಿದ್ದಿದ್ದವು. "ದಿನಾ ಎರಡ ತಂಬಗಿ ನೀರ ಹಾಕ್ತೀನಪಾ, ಆದ್ರೂ ಬಾಡಾಕತ್ತದ. ಯಾರದೋ ಕಣ್ಣ ಬಿದ್ದದ" ಎಂದರು. ಕೊಂಬೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಯೂ ಆಗಿತ್ತು. ನಾನು ಮಣ್ಣಿಗೆ ಬೆರಳು ಚುಚ್ಚಿದೆ. ಎರಡನೆಯ ಗೆಣ್ಣಿನವರೆಗೂ ಕೆಸರು.

ವಿಜಯಪುರದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಎಷ್ಟೋ ಗಿಡಗಳು ಸಾಯುವುದು ಹೀಗೆಯೇ. ಬಾಡಿತೆಂದು ನೀರು ಹಾಕುತ್ತೇವೆ, ಇನ್ನಷ್ಟು ಬಾಡುತ್ತದೆ, ಇನ್ನೊಂದು ತಂಬಿಗೆ ಸುರಿಯುತ್ತೇವೆ. ಕೊನೆಗೆ ತಪ್ಪನ್ನು ಕೆಟ್ಟ ದೃಷ್ಟಿಯ ಮೇಲೆ ಹೊರಿಸುತ್ತೇವೆ. ಇದು ನನಗೆ ಸಂಕಟ ತರುತ್ತದೆ, ಯಾಕೆಂದರೆ ನಿಜವಾದ ಕಾರಣ ಅಷ್ಟು ಸೊಗಸಾಗಿದೆ.

ಎಲೆಯನ್ನು ಸೆಟೆದು ನಿಲ್ಲಿಸುವುದು ಜೀವಕೋಶದೊಳಗಿನ ನೀರಿನ ಒತ್ತಡ. ಸೈಕಲ್ ಟ್ಯೂಬಿನಲ್ಲಿ ಗಾಳಿ ಇದ್ದಂತೆ ಇಲ್ಲಿ ನೀರು. ಅದು ಇಳಿದರೆ ಗಾಲಿ ಕುಸಿದಂತೆ ಎಲೆ ಕುಸಿಯುತ್ತದೆ. ಈ ನೀರನ್ನು ಮೇಲಕ್ಕೆ ಎಳೆಯುವುದು ಮುಖ್ಯವಾಗಿ ಎಲೆಯೇ. ಅಲ್ಲಿಂದ ನೀರು ಆವಿಯಾದಂತೆಲ್ಲ ಕೆಳಗಿನದು ಮೇಲೇರುತ್ತದೆ. ನೀರಿನ ಕಣಗಳು ಒಂದರ ಕೈ ಒಂದು ಬಿಡುವುದಿಲ್ಲ. ಬೇರಿನಿಂದ ತುದಿಯವರೆಗೆ ಬಾವಿಯ ಹಗ್ಗದಂತೆ ಒಂದೇ ಎಳೆ. ಐರ್ಲೆಂಡಿನ ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಇದನ್ನು ವಿವರಿಸಿದರು. ಅದಕ್ಕೂ ಬಹಳ ಹಿಂದೆ ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ, ನಮ್ಮ ಹೊಲಗಳಲ್ಲೂ ಬೆಳೆಯುವ ಸೂರ್ಯಕಾಂತಿಯನ್ನು ಕುಂಡದಲ್ಲಿ ಬೆಳೆಸಿ, ಮಣ್ಣನ್ನು ಸೀಸದ ತಗಡಿನಿಂದ ಮುಚ್ಚಿ, ದಿನವೂ ತೂಗಿ ನೋಡಿದ್ದ. ಅದರ ಲೆಕ್ಕವನ್ನು 1727ರಲ್ಲಿ ಅಚ್ಚು ಹಾಕಿಸಿದ. ತಕ್ಕಡಿಯಲ್ಲಿ ಗಿಡದ ಬೆವರು ಅಳೆದವ!

ಆದರೆ ಹಗ್ಗದ ಕೆಳತುದಿ ಬೇರಿನಲ್ಲಿದೆ, ಬೇರಿಗೆ ಉಸಿರು ಬೇಕು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ನಮ್ಮ ಎರೆಮಣ್ಣು ಹಸ್ತಾ, ಚಿತ್ತಾ ಮಳೆಗೆ ಉಬ್ಬಿ ಎಲ್ಲ ಸಂದೂ ಮುಚ್ಚಿಬಿಡುತ್ತದೆ. ಉಸಿರುಗಟ್ಟಿದ ಬೇರಿನ ಜೀವಕೋಶಗಳಲ್ಲಿ ಆಮ್ಲೀಯತೆ ಏರಿ, ನೀರನ್ನು ಒಳಬಿಡುವ ಪುಟ್ಟ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಸುತ್ತ ನೀರು, ಒಳಗೆ ಬರ.

ಕುಂಡ ಮಗುಚಿದೆವು. ತಳದ ತೂತನ್ನು ಮಣ್ಣು ಕಟ್ಟಿತ್ತು, ಗಟಾರದ ವಾಸನೆ. ಕೆಲವು ಬೇರು ಕಂದಾಗಿದ್ದವು. ಹಿಡಿದೆಳೆದರೆ ಸಿಪ್ಪೆ ಜಾರಿ ಒಳಗಿನ ದಾರವಷ್ಟೇ ಉಳಿಯುತ್ತಿತ್ತು. ಅವನ್ನು ಕತ್ತರಿಸಿದೆವು. ಬಿಳಿಯ, ಗಟ್ಟಿ ಬೇರುಗಳನ್ನು ಉಳಿಸಿಕೊಂಡು, ಮರಳು ಮತ್ತು ಹಳೆಯ ತಿಪ್ಪೆಗೊಬ್ಬರ ಬೆರೆಸಿದ ಮಣ್ಣಿನಲ್ಲಿ ನೆಟ್ಟು, ಮೇಲಿನ ಕೊಂಬೆಗಳನ್ನೂ ಸವರಿ ನೆರಳಿಗಿಟ್ಟೆವು. ಯೂರಿಯಾ ಹಾಕಲು ಬಿಡಲಿಲ್ಲ. ಮಣ್ಣಿನಲ್ಲಿ ಉಪ್ಪಿನಂಶ ಏರಿದರೆ ಬೇರಿಗೆ ನೀರು ಹೀರುವುದು ಇನ್ನೂ ಕಷ್ಟ.

ಮಧ್ಯಾಹ್ನ ಬಾಡಿ ಸಂಜೆಗೆ ಎದ್ದರೆ ಅದು ಬಿಸಿಲಿನ ಆಯಾಸ, ಬಿಟ್ಟುಬಿಡಿ. ಬೆಳಗಿನ ಜಾವದಲ್ಲೂ ತಲೆ ಬಾಗಿದ್ದರೆ ಮಣ್ಣು ಮುಟ್ಟಿ ನೋಡಿ. ಒಣಗಿದ್ದರೆ ಮಾತ್ರ ನೀರು.

ಎರಡು ವಾರದಲ್ಲಿ ದಾಸವಾಳ ಚಿಗುರಿತು. ಪಕ್ಕದ ಕುಂಡದ ಚೆಂಡುಹೂವಿಗೆ ಒಂದೂ ಬಿಳಿ ಬೇರು ಉಳಿದಿರಲಿಲ್ಲ. ಅದನ್ನು ಕಿತ್ತೆಸೆದೆವು, ಕೊಳೆರೋಗದ ಸೋಂಕು ಮಣ್ಣಿನಲ್ಲಿ ಉಳಿಯುವುದರಿಂದ ಆ ಮಣ್ಣನ್ನೂ ಬೇರೆ ಕುಂಡಕ್ಕೆ ಬಳಸಲಿಲ್ಲ.